ಹಾಳೆಯ ಹಿಂಬದಿಯನ್ನೂ ನೋಡಬೇಕು: ಹಳೆಯ ಬ್ರಿಟಿಷ್ ಕಾಮಿಕ್ಸ್ ಸಂಗ್ರಹದ ನನ್ನ ಅನುಭವ

ಬ್ರಿಟನ್ನಿನ ಹಳೆಯ ಕಾಮಿಕ್ಸ್‌ಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲಿ ಅಂತ ಯಾರೂ ಅಚ್ಚು ಹಾಕಿದ್ದಲ್ಲ. ವಾರಕ್ಕೊಂದು ಸಂಚಿಕೆ, ಎರಡು ಪೆನ್ಸ್ ಬೆಲೆ, ಅಗ್ಗದ ನ್ಯೂಸ್‌ಪ್ರಿಂಟು. ಹುಡುಗರು ಓದಿ, ಗೆಳೆಯರ ಜೊತೆ ಅದಲುಬದಲು ಮಾಡಿಕೊಂಡು, ಕೊನೆಗೆ ಒಲೆ ಹೊತ್ತಿಸುವುದಕ್ಕೆ ಹೋಗುತ್ತಿದ್ದವು. ಸ್ಕಾಟ್ಲೆಂಡಿನ ಡಂಡೀ ಊರಿನ ಡಿ.ಸಿ. ಥಾಮ್ಸನ್ ಸಂಸ್ಥೆ 1937ರ ಡಿಸೆಂಬರ್ 4ರಂದು ‘ದಿ ಡ್ಯಾಂಡಿ’ ಶುರು ಮಾಡಿತು, 1938ರ ಜುಲೈ 30ರಂದು ‘ದಿ ಬೀನೋ’. ಅಷ್ಟರಲ್ಲಿ ಯುದ್ಧ ಬಂತು, ಕಾಗದಕ್ಕೆ ರೇಷನ್ ಬಂತು. 1941ರಿಂದ 1949ರವರೆಗೆ ಈ ವಾರ ಡ್ಯಾಂಡಿಯಾದರೆ ಮುಂದಿನ ವಾರ ಬೀನೋ. ಮನೆಮನೆಯಿಂದ ರದ್ದಿ ಒಟ್ಟುಮಾಡಿ ಯುದ್ಧದ ಕೆಲಸಕ್ಕೆ ಕೊಡಬೇಕಿತ್ತು. ಮಕ್ಕಳು ತಮ್ಮ ಕಟ್ಟುಗಳನ್ನೂ ಕೊಟ್ಟರು. ಯುದ್ಧಕಾಲದ ಸಂಚಿಕೆಗಳು ಇಂದು ಸಿಗದಿರುವುದಕ್ಕೆ ಇದೇ ದೊಡ್ಡ ಕಾರಣ.

ನಾನು ಬೆಂಗಳೂರಿನವನು. ಅವೆನ್ಯೂ ರಸ್ತೆಯ ಫುಟ್‌ಪಾತ್ ಅಂಗಡಿಗಳಲ್ಲಿ ‘ಕಮ್ಯಾಂಡೋ’ ಎಂಬ ಬ್ರಿಟಿಷ್ ಯುದ್ಧಕಥೆ ಕಾಮಿಕ್ಸ್ ಪುಸ್ತಕಗಳನ್ನು ಕೊಂಡು, ಓದಿ, ಅಲ್ಲೇ ಅರ್ಧ ರೇಟಿಗೆ ವಾಪಸ್ ಕೊಡುತ್ತಿದ್ದ ಪೀಳಿಗೆ. ತಮಿಳು ಬರುತ್ತಿದ್ದ ಗೆಳೆಯರು ‘ಇರುಂಬುಕ್ಕೈ ಮಾಯಾವಿ’ ಓದುತ್ತಿದ್ದರು. 1972ರಲ್ಲಿ ಮುತ್ತು ಕಾಮಿಕ್ಸ್ ತಂದ ಆ ಕಬ್ಬಿಣದ ಕೈಯ ಮಾಯಾವಿ ಮೂಲದಲ್ಲಿ ಲಂಡನ್ನಿನ ‘ವ್ಯಾಲಿಯಂಟ್’ ವಾರಪತ್ರಿಕೆಯ ‘ದಿ ಸ್ಟೀಲ್ ಕ್ಲಾ’. ಅದನ್ನು ಬರೆದ ಚಿತ್ರಕಾರ ಹೆಸೂಸ್ ಬ್ಲಾಸ್ಕೊ ಸ್ಪೇನಿನವರು. ಇದು ನನಗೆ ತಿಳಿದದ್ದು ಕೆಲಸಕ್ಕೆಂದು ಮ್ಯಾಂಚೆಸ್ಟರಿಗೆ ಬಂದು ನೆಲೆಸಿದ ಮೇಲೆ. ಏಕೆಂದರೆ ಹಾಳೆಯ ಮೇಲೆ ಎಲ್ಲೂ ಅವರ ಹೆಸರಿರಲಿಲ್ಲ. ಬ್ರಿಟಿಷ್ ವಾರಪತ್ರಿಕೆಗಳು ದಶಕಗಳ ಕಾಲ ಚಿತ್ರಕಾರರ ಹೆಸರು ಹಾಕುತ್ತಲೇ ಇರಲಿಲ್ಲ. ಅಷ್ಟು ಚೆಂದ ಬರೆದ ಕೈ ಯಾರದು ಎಂದು ಹುಡುಕಲು ಹೊರಟದ್ದೇ ನನ್ನ ಸಂಗ್ರಹದ ಆರಂಭ. ಇವತ್ತಿಗೂ ನಾನು ಕೊಳ್ಳುವುದು ಅದೇ ಕಾರಣಕ್ಕೆ.

ಇಲ್ಲಿ ಭಾನುವಾರ ಬೆಳಗ್ಗೆ ಮೈದಾನಗಳಲ್ಲಿ ಕಾರ್ ಬೂಟ್ ಸೇಲ್ ನಡೆಯುತ್ತದೆ. ಜನ ಮನೆಯ ಹಳೇ ಸಾಮಾನನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬಂದು ಮಾರುತ್ತಾರೆ. ಚಾರಿಟಿ ಅಂಗಡಿಗಳಿವೆ, ತೀರಿಕೊಂಡವರ ಮನೆ ಖಾಲಿ ಮಾಡಿಸುವವರಿದ್ದಾರೆ. ಬಿಡಿ ಸಂಚಿಕೆಗಳಿಗಿಂತ ಕ್ರಿಸ್‌ಮಸ್‌ಗೆ ಬರುತ್ತಿದ್ದ ದಪ್ಪ ರಟ್ಟಿನ ಆನ್ಯುವಲ್‌ಗಳು, ಅಂದರೆ ವಾರ್ಷಿಕ ಪುಸ್ತಕಗಳು, ಸುಲಭವಾಗಿ ಸಿಗುತ್ತವೆ. ಉಡುಗೊರೆ ಪುಸ್ತಕವನ್ನು ಯಾರೂ ಒಲೆಗೆ ಹಾಕುವುದಿಲ್ಲವಲ್ಲ. ಆದರೆ ಐವತ್ತರ ದಶಕದ ಬೀನೋ, ಡ್ಯಾಂಡಿ ಆನ್ಯುವಲ್‌ಗಳ ಮೇಲೆ ಇಸವಿಯೇ ಇರುವುದಿಲ್ಲ, ಮುಖಪುಟದ ಚಿತ್ರ ನೋಡಿ ಗುರುತಿಸಬೇಕು. ‘ಮ್ಯಾಜಿಕ್-ಬೀನೋ ಬುಕ್’ ಎಂದಿದ್ದರೆ ನಲವತ್ತರ ದಶಕದ್ದು ಎಂದು ಗೊತ್ತಾಗುತ್ತದೆ: 1941ರಲ್ಲಿ ಮುಚ್ಚಿಹೋದ ‘ದಿ ಮ್ಯಾಜಿಕ್’ ಪತ್ರಿಕೆಯ ಹೆಸರು ಹೀಗೆ ಆನ್ಯುವಲ್ಲಿನಲ್ಲಿ ಉಳಿದುಕೊಂಡಿತ್ತು.

ಬ್ರಿಟಿಷ್ ಮಕ್ಕಳ ಚಿತ್ರಕಥೆಗಳ ನಾಯಕ ರೂಪರ್ಟ್ ಕರಡಿಯ ಆನ್ಯುವಲ್‌ಗಳಲ್ಲಿ ಮೂರು ಜಾಗ ನೋಡುತ್ತೇನೆ. ಒಳರಟ್ಟಿನ ‘ಈ ಪುಸ್ತಕ ಇಂಥವರದು’ ಎಂಬ ಚೌಕದಲ್ಲಿ ಹೆಸರು ಬರೆದಿದೆಯೇ, ಬೆಲೆಯಿರುವ ಮೂಲೆಯನ್ನು ಕತ್ತರಿಸಿದ್ದಾರೆಯೇ, ನೀರು ಸವರಿದರೆ ಬಣ್ಣ ಮೂಡುವ ಪುಟಗಳಿಗೆ ಯಾವುದಾದರೂ ಮಗು ಬ್ರಷ್ ಆಡಿಸಿದೆಯೇ. ಮಾರುಕಟ್ಟೆಯಲ್ಲಿ ಈ ಮೂರಕ್ಕೂ ಬೆಲೆ ಇಳಿಯುತ್ತದೆ. ನನಗೆ ಮಾತ್ರ ಮಗು ಬಣ್ಣ ಹಚ್ಚಿದ ಪ್ರತಿಯೇ ಇಷ್ಟ, ಬೆಲೆಯೂ ಕಮ್ಮಿ. 1973ರ ರೂಪರ್ಟ್ ಆನ್ಯುವಲ್ಲಿನ ಕಥೆ ಈ ಹವ್ಯಾಸದವರಿಗೆಲ್ಲ ಗೊತ್ತು. ಅದುವರೆಗಿನ ಆನ್ಯುವಲ್‌ಗಳ ಮುಖಪುಟಗಳಲ್ಲಿ ರೂಪರ್ಟನ ಮುಖ ಕಂದು, ಒಳಪುಟಗಳಲ್ಲಿ ಬಿಳಿ. ಆ ವರ್ಷ ಚಿತ್ರಕಾರ ಆಲ್ಫ್ರೆಡ್ ಬೆಸ್ಟಾಲ್ ಮುಖಪುಟಕ್ಕೆ ಬರೆದ ಕಂದು ಮುಖವನ್ನು ಅವರನ್ನು ಕೇಳದೆಯೇ ಬಿಳಿ ಮಾಡಿ ಅಚ್ಚು ಹಾಕಿದರು. ಬದಲಾಯಿಸುವ ಮೊದಲು ತಯಾರಾಗಿದ್ದ ಕೆಲವೇ ಪ್ರತಿಗಳು ಇಂದು ಸಾವಿರಾರು ಪೌಂಡಿಗೆ ಹೋಗುತ್ತವೆ. ಮೂವತ್ತು ವರ್ಷ ಆ ಕರಡಿಯನ್ನು ಸಾಕಿದ ಬೆಸ್ಟಾಲ್ ಮನಸ್ಸಿಗೆ ಹಚ್ಚಿಕೊಂಡು ಆಮೇಲೆ ಮುಖಪುಟ ಬರೆಯಲಿಲ್ಲ. ಎಲ್ಲರೂ ಹೇಳುವುದು ಬೆಲೆಯ ಕಥೆ; ನನಗೆ ನಾಟಿದ್ದು ಇದು.

ಬಿಡಿ ಸಂಚಿಕೆ ಕೈಗೆ ಬಂದರೆ ಮೊದಲು ಬೆನ್ನು ನೋಡಬೇಕು. ಇಂಗ್ಲೆಂಡಿನ ತೇವದ ಹವೆಗೆ ಪಿನ್ನು ತುಕ್ಕು ಹಿಡಿದು, ಸುತ್ತಲಿನ ಕಾಗದ ಕಂದಾಗಿ, ಮುಟ್ಟಿದರೆ ಉದುರುತ್ತದೆ. ಆಮೇಲೆ ನಡುಪುಟ. ‘ಈಗಲ್’ ಪತ್ರಿಕೆಯ ನಡುಪುಟದಲ್ಲಿ ರೈಲು ಎಂಜಿನ್ನು, ಹಡಗು, ವಿಮಾನಗಳನ್ನು ಸೀಳಿ ಒಳಗಿನ ಯಂತ್ರ ತೋರಿಸುವ ಬಣ್ಣದ ಚಿತ್ರಗಳಿರುತ್ತಿದ್ದವು, ಬಹಳಷ್ಟು ಆಷ್‌ವೆಲ್ ವುಡ್ ಅವರವು. ಹುಡುಗರು ಅದನ್ನು ಬಿಚ್ಚಿ ಗೋಡೆಗೆ ಅಂಟಿಸುತ್ತಿದ್ದರು. ಮೂಲೆಗಳನ್ನೂ ನೋಡಬೇಕು, ಕೂಪನ್ ಕತ್ತರಿಸಿರಬಹುದು. ಕೊನೆಗೆ ಮೂಗಿಗೆ ಹಿಡಿಯಬೇಕು. ಮುಗ್ಗಲು ವಾಸನೆ ಇದ್ದರೆ ಎಷ್ಟೇ ಅಪರೂಪದ್ದಾದರೂ ನಾನು ಮನೆಗೆ ತರುವುದಿಲ್ಲ, ಒಂದರ ಬೂಷ್ಟು ಇಡೀ ಪೆಟ್ಟಿಗೆಗೆ ಹಬ್ಬುತ್ತದೆ.

ಮುಖಪುಟದ ಮೇಲ್ತುದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಮನೆ ನಂಬರೋ ಮನೆತನದ ಹೆಸರೋ ಗೀಚಿರುವುದು ಎಷ್ಟೋ ಸಲ ಕಾಣುತ್ತದೆ. ಪೇಪರ್ ಅಂಗಡಿಯವನು ಹುಡುಗನ ಕೈಗೆ ಕಟ್ಟು ಕೊಡುವಾಗ ಯಾವ ಮನೆಗೆ ಯಾವುದು ಎಂದು ಬರೆದದ್ದು ಅದು. ನಾನು ಇದನ್ನು ಎಂದೂ ಅಳಿಸುವುದಿಲ್ಲ. ಒಮ್ಮೆ ಒಂದೇ ಕಟ್ಟಿನಲ್ಲಿ ಬಂದ 1950ರ ದಶಕದ ಬೀನೋಗಳ ಮೇಲೆಲ್ಲ ಒಂದೇ ನಂಬರು, ಒಂದೇ ಕೈಬರಹ. ಅಂದರೆ ಒಂದೇ ಮನೆಗೆ ವಾರವಾರ ಹೋದ ಪ್ರತಿಗಳು, ಒಂದೇ ಮಗು ಓದಿ ಎತ್ತಿಟ್ಟದ್ದು. ಕೆಲವು ವ್ಯಾಪಾರಿಗಳು ರಬ್ಬರ್ ಹಾಕಿ ಉಜ್ಜಿ ‘ಶುದ್ಧ ಪ್ರತಿ’ ಎಂದು ಮಾರುತ್ತಾರೆ. ವಾರೆ ಬೆಳಕಿನಲ್ಲಿ ಹಿಡಿದರೆ ಉಜ್ಜಿದ ಜಾಗದ ಹೊಳಪು ಬೇರೆಯೇ ಇರುತ್ತದೆ.

ಮೊದಲ ಸಂಚಿಕೆಗಳ ಮೋಹ ಎಲ್ಲರಿಗೂ ಇದೆ. ಡ್ಯಾಂಡಿ ಮೊದಲ ಸಂಚಿಕೆಯ ಜೊತೆ ತಗಡಿನ ಪೀಪಿ ಕೊಟ್ಟಿದ್ದರು, ಬೀನೋ ಜೊತೆ ಮುಖವಾಡ. ಪೀಪಿ ಸಮೇತ ಉಳಿದಿದ್ದ ಡ್ಯಾಂಡಿ 2004ರ ಹರಾಜಿನಲ್ಲಿ 20,350 ಪೌಂಡಿಗೆ ಹೋಯಿತು. ನನ್ನ ಸಂಬಳಕ್ಕೆ ಅದು ಎಟುಕುವುದಿಲ್ಲ, ಅದರ ಹಿಂದೆ ಬೀಳುವುದೂ ಇಲ್ಲ. ಒಂದು ಎಚ್ಚರ ಮಾತ್ರ ಹೇಳಬೇಕು: ಈ ಮೊದಲ ಸಂಚಿಕೆಗಳಿಗೆಲ್ಲ ಆಮೇಲೆ ಮರುಮುದ್ರಣಗಳು ಬಂದಿವೆ. ಕಾಗದ ಎಂಬತ್ತು ವರ್ಷ ಹಳೆಯದರಂತೆ ಅಂಚಿನಿಂದ ಒಳಕ್ಕೆ ಮಾಗಿರದೆ ಎಲ್ಲ ಕಡೆ ಒಂದೇ ಬಣ್ಣವಿದ್ದರೆ ಅನುಮಾನಪಡಿ. ಹೊಸಬರಿಗೆ ನಾನು ಹೇಳುವುದು 1977ರ ಫೆಬ್ರವರಿ 26ರ ‘2000 ಎಡಿ’ ವಾರಪತ್ರಿಕೆಯ ಮೊದಲ ಸಂಚಿಕೆಯಂಥವನ್ನು. ಅದರ ಜೊತೆ ಬಂದ ಪ್ಲಾಸ್ಟಿಕ್ ತಿರುಗುತಟ್ಟೆಯನ್ನು ಮುಖಪುಟಕ್ಕೆ ಟೇಪಿನಿಂದ ಅಂಟಿಸಿದ್ದರು, ಟೇಪಿನ ಹಳದಿ ಕಲೆ ಇಂದಿಗೂ ಕಾಣುತ್ತದೆ. ಆ ಪತ್ರಿಕೆಯ ಹೆಸರಾಂತ ನಾಯಕ ಜಡ್ಜ್ ಡ್ರೆಡ್ ಮೊದಲು ಬಂದದ್ದು ಆ ಸಂಚಿಕೆಯಲ್ಲಲ್ಲ, ಎರಡನೆಯದರಲ್ಲಿ.

ಇನ್ನು ಮೂಲಚಿತ್ರಗಳು. ನನ್ನ ಜೀವ ಇರುವುದು ಇಲ್ಲೇ.

ಅಚ್ಚಿಗೆ ಹೋಗುವ ಪುಟವನ್ನು ದಪ್ಪ ಡ್ರಾಯಿಂಗ್ ಬೋರ್ಡಿನ ಮೇಲೆ, ಅಚ್ಚಾಗುವ ಅಳತೆಗಿಂತ ದೊಡ್ಡದಾಗಿ, ಇಂಡಿಯನ್ ಇಂಕಿನಲ್ಲಿ ಬರೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಅದು ಪ್ರಕಾಶಕರ ಸ್ವತ್ತು, ಚಿತ್ರಕಾರರಿಗೆ ವಾಪಸ್ ಬರುತ್ತಿರಲಿಲ್ಲ. ಗೋದಾಮುಗಳಲ್ಲಿ ರಾಶಿ ಬಿದ್ದು, ಎಷ್ಟೋ ಕಸಕ್ಕೆ ಹೋದವು. ಹೇಗೋ ಹೊರಬಂದವು ಇಂದು ಹರಾಜಿಗೆ ಬರುತ್ತವೆ. ಕೂಗಿದ ಬೆಲೆಯ ಮೇಲೆ ಹರಾಜು ಮನೆಯವರ ಕಮಿಷನ್ ನೂರಕ್ಕೆ ಇಪ್ಪತ್ತರ ಮೇಲೆಯೇ ಬೀಳುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಂಡು ಕೂರುತ್ತೇನೆ.

ಬೋರ್ಡು ಕೈಗೆ ಬಂದಾಗ ಕಿಟಕಿಯ ಪಕ್ಕ ವಾರೆಯಾಗಿ ಹಿಡಿಯುತ್ತೇನೆ. ನಿಜವಾದ ಶಾಯಿ ಕಾಗದದ ಮೇಲೆ ಕೂತಿರುತ್ತದೆ. ದಟ್ಟ ಕಪ್ಪು ತುಂಬಿದ ಕಡೆ ಬ್ರಷ್ಷಿನ ಪದರಗಳು ಕಾಣುತ್ತವೆ, ತಿದ್ದಿದ ಕಡೆ ಬಿಳಿ ಬಣ್ಣ ಉಬ್ಬಿರುತ್ತದೆ. ಪೆನ್ಸಿಲಿನ ಮೊದಲ ಗೆರೆಗಳು ಅಲ್ಲಲ್ಲಿ ಉಳಿದಿರುತ್ತವೆ. ತೆಳು ನೀಲಿ ಬಳಿದ ಜಾಗಗಳು ಇಲ್ಲಿ ಚುಕ್ಕಿಯ ಛಾಯೆ ಹಾಕಿ ಎಂದು ಅಚ್ಚಿನವರಿಗೆ ಕೊಟ್ಟ ಸೂಚನೆ, ಆ ನೀಲಿ ಕ್ಯಾಮೆರಾಗೆ ಬೀಳುತ್ತಿರಲಿಲ್ಲ. ಮಾತಿನ ಗುಳ್ಳೆಗಳನ್ನು ಬೇರೆ ಚೀಟಿಯಲ್ಲಿ ಅಕ್ಷರ ಜೋಡಿಸಿ ಅಂಟಿಸಿದ್ದರೆ, ಗೋಂದು ಹಳದಿಯಾಗಿ ಚೀಟಿ ಸಡಿಲವಾಗಿರುತ್ತದೆ. ಭೂತಗನ್ನಡಿಯಲ್ಲಿ ಗೆರೆಯ ಬದಲು ಚುಕ್ಕಿಗಳ ಸಾಲು ಕಂಡರೆ ಅದು ಮೂಲಚಿತ್ರವಲ್ಲ, ಪ್ರಿಂಟು. ಆಮೇಲೆ ಬೋರ್ಡನ್ನು ತಿರುಗಿಸುತ್ತೇನೆ. ಕಚೇರಿಯ ಮುದ್ರೆ, ಸಂಚಿಕೆಯ ದಿನಾಂಕ, ಇಷ್ಟು ಇಂಚಿಗೆ ಇಳಿಸಿ ಎಂಬ ಪೆನ್ಸಿಲ್ ಬರಹ ಹಿಂಬದಿಯಲ್ಲಿ ಸಿಗುವುದುಂಟು. ಆ ದಿನಾಂಕ ಸಿಕ್ಕಿದರೆ ಅಚ್ಚಾದ ಸಂಚಿಕೆಯನ್ನು ಹುಡುಕಿ ಜೊತೆಗಿಡುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಆ ಕೈ ಪಟ್ಟ ಶ್ರಮದಲ್ಲಿ ಎಷ್ಟು ಅಚ್ಚಿನಲ್ಲಿ ಕಳೆದುಹೋಗಿದೆ ಎಂದು ಕಾಣುತ್ತದೆ.

ಹೆಸರು ಪತ್ತೆ ಮಾಡುವುದು ನಿಧಾನದ ಕೆಲಸ. ಕಿವಿ, ಬೂಟು, ಹುಲ್ಲು, ಕೈಬೆರಳು, ಇವುಗಳಲ್ಲಿ ಚಿತ್ರಕಾರ ಸಿಕ್ಕಿಬೀಳುತ್ತಾನೆ. ಮುಖವನ್ನು ಸಂಪಾದಕರ ಮಾತಿಗೆ ಬದಲಾಯಿಸಬಹುದು, ಹುಲ್ಲನ್ನು ಯಾರೂ ತಿದ್ದಿಸುವುದಿಲ್ಲ. ಹೆಸರು ಹಾಕಲು ಒಪ್ಪಿಗೆ ಸಿಕ್ಕಿದ್ದ ಕೆಲವೇ ಕೆಲವರಲ್ಲಿ ಬೀನೋದ ಡಡ್ಲಿ ವಾಟ್ಕಿನ್ಸ್ ಒಬ್ಬರು. 1969ರಲ್ಲಿ ಅವರು ಪ್ರಾಣಬಿಟ್ಟದ್ದೂ ಡ್ರಾಯಿಂಗ್ ಬೋರ್ಡಿನ ಮುಂದೆಯೇ. ಬೀನೋದಲ್ಲಿ ಮಿನ್ನಿ ದಿ ಮಿಂಕ್ಸ್, ಬ್ಯಾಷ್ ಸ್ಟ್ರೀಟ್ ಮಕ್ಕಳನ್ನು ಸೃಷ್ಟಿಸಿದ ಲಿಯೋ ಬ್ಯಾಕ್ಸೆಂಡೇಲ್ ತಮ್ಮ ಹಕ್ಕಿಗಾಗಿ ಏಳು ವರ್ಷ ಕಾನೂನು ಹೋರಾಟ ಮಾಡಿದರು, 1987ರಲ್ಲಿ ರಾಜಿಯಾಯಿತು. ಅವರ ಪುಟಗಳ ಮೂಲೆಮೂಲೆಯಲ್ಲೂ ಕಥೆಗೆ ಸಂಬಂಧವೇ ಇಲ್ಲದ ಪುಟ್ಟ ಗಲಾಟೆಗಳು ನಡೆಯುತ್ತಿರುತ್ತವೆ, ಭೂತಗನ್ನಡಿ ಹಿಡಿದು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಆಟಿಕೆ, ಗಡಿಯಾರ, ಬ್ಯಾಡ್ಜುಗಳ ವಿಷಯಕ್ಕೆ ಬಂದರೆ ಡ್ಯಾನ್ ಡೇರ್‌ನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪಾದ್ರಿ ಮಾರ್ಕಸ್ ಮಾರಿಸ್ 1950ರ ಏಪ್ರಿಲ್ 14ರಂದು ತಂದ ‘ಈಗಲ್’ನ ಮುಖಪುಟದ ಅಂತರಿಕ್ಷಯಾನಿ ನಾಯಕ ಇವನು. ಬರೆದವರು ಫ್ರ್ಯಾಂಕ್ ಹ್ಯಾಂಪ್ಸನ್. ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಸೌತ್‌ಪೋರ್ಟಿನಲ್ಲಿ, ಹಳೆಯ ಬೇಕರಿಯೊಂದರಲ್ಲಿ ಅವರ ಸ್ಟುಡಿಯೋ. ಅಂತರಿಕ್ಷ ನೌಕೆಗಳ ಮಾದರಿ ಮಾಡಿ, ಸಹಾಯಕರನ್ನು ಪಾತ್ರಗಳ ಹಾಗೆ ನಿಲ್ಲಿಸಿ ಫೋಟೋ ತೆಗೆದು, ಆಮೇಲೆ ಬರೆಯುತ್ತಿದ್ದರು. ಕಥೆಯ ಸರ್ ಹ್ಯೂಬರ್ಟ್ ಪಾತ್ರಕ್ಕೆ ಮಾದರಿ ಹ್ಯಾಂಪ್ಸನ್ ಅವರ ತಂದೆ. ರೇಡಿಯೋ ಲಕ್ಸೆಂಬರ್ಗಿನ ಡ್ಯಾನ್ ಡೇರ್ ಧಾರಾವಾಹಿಗೆ ಪ್ರಾಯೋಜಕರು ನಮಗೆಲ್ಲ ಗೊತ್ತಿರುವ ಹಾರ್ಲಿಕ್ಸ್. ಅವನ ಹೆಸರಿನಲ್ಲಿ ಗನ್ನು, ವಾಕಿಟಾಕಿ, ಟೂತ್‌ಪೇಸ್ಟು, ಎಲ್ಲ ಬಂದವು. ಹ್ಯಾಂಪ್ಸನ್ ಅವರಿಗೆ ಇದರ ಫಲ ಸಿಗಲಿಲ್ಲ. ಹಾಗಾಗಿ ನನ್ನ ಕಪಾಟಿನಲ್ಲಿ ಪ್ರತಿ ಆಟಿಕೆಯ ಪಕ್ಕ ಅವರ ಹೆಸರಿನ ಚೀಟಿ ಇದೆ.

ಇಂಗರ್ಸಾಲ್ ಕಂಪನಿಯ ಡ್ಯಾನ್ ಡೇರ್ ಜೇಬುಗಡಿಯಾರ ಕೊಳ್ಳುವಾಗ ಡಯಲ್ಲನ್ನು ಭೂತಗನ್ನಡಿಯಲ್ಲಿ ನೋಡಲೇಬೇಕು. ಮಾಮೂಲಿ ಗಡಿಯಾರಕ್ಕೆ ಹೊಸ ಡಯಲ್ ಪ್ರಿಂಟ್ ಮಾಡಿ ಕೂರಿಸಿದವು ಓಡಾಡುತ್ತಿವೆ; ಕಂಪ್ಯೂಟರ್ ಪ್ರಿಂಟರಿನ ಚುಕ್ಕಿಗಳು ತಕ್ಷಣ ಕಾಣುತ್ತವೆ. ಮೆರಿಟ್ ಕಂಪನಿಯ ಪ್ಲಾನೆಟ್ ಗನ್ನಿನಲ್ಲಿ ತಿರುಗುತ್ತಾ ಹಾರುವ ಪ್ಲಾಸ್ಟಿಕ್ ಚಕ್ರಗಳೇ ಮೊದಲು ಕಳೆದುಹೋಗುವುದು. ಗನ್ನಿಗಿಂತ ಅದರ ರಟ್ಟಿನ ಪೆಟ್ಟಿಗೆ ಅಪರೂಪ, ಬೆಲೆಯನ್ನು ಏರಿಸುವುದೂ ಅದೇ. ಕೈಬಿಗಿ ಇರುವವರು ಬ್ಯಾಡ್ಜುಗಳಿಂದ ಶುರು ಮಾಡಬಹುದು. ಈಗಲ್ ಕ್ಲಬ್ಬಿನ ಹದ್ದಿನ ಬ್ಯಾಡ್ಜು, ಬೀನೋದ ತುಂಟ ಹುಡುಗ ಡೆನ್ನಿಸ್ ದಿ ಮೆನೇಸ್ ಹೆಸರಿನಲ್ಲಿ 1976ರಲ್ಲಿ ಶುರುವಾದ ಕ್ಲಬ್ಬಿನ, ಅವನ ನಾಯಿ ನ್ಯಾಷರ್‌ನ ಕೂದಲುಳ್ಳ ಬ್ಯಾಡ್ಜು, ಎರಡೂ ಇನ್ನೂ ಕೆಲವೇ ಪೌಂಡಿಗೆ ಸಿಗುತ್ತವೆ.

“ಏನ್ ಸಾರ್, ಮಕ್ಕಳ ಪುಸ್ತಕಕ್ಕೆ ಇಷ್ಟೊಂದು ದುಡ್ಡಾ?” ಎಂದು ಯುಗಾದಿಗೆ ಮನೆಗೆ ಬಂದ ಗೆಳೆಯರು ಕೇಳುತ್ತಾರೆ. ಒಂದು ಬೋರ್ಡು ಕೈಗೆ ಕೊಡುತ್ತೇನೆ. ಆಮೇಲೆ ಆ ಪ್ರಶ್ನೆ ಬರುವುದಿಲ್ಲ, ಇದನ್ನು ಬರೆದವರು ಯಾರು ಎಂಬ ಪ್ರಶ್ನೆ ಬರುತ್ತದೆ.

ಕಾಪಾಡುವ ಕ್ರಮ ಸರಳ. ಪಿವಿಸಿ ಕವರು ಬೇಡ, ಅದರಿಂದ ಹೊರಡುವ ರಾಸಾಯನಿಕದಿಂದ ಶಾಯಿ ಕವರಿಗೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಕವರು, ಹಿಂದೆ ಆಮ್ಲರಹಿತ ರಟ್ಟು. ‘ಈಗಲ್’ ಬಹಳ ದೊಡ್ಡ ಅಳತೆಯದು, ಅಮೆರಿಕನ್ ಕಾಮಿಕ್ಸ್ ಕವರುಗಳಲ್ಲಿ ತುರುಕಬಾರದು. ಮಡಿಸದೆ ಮಲಗಿಸಿ ಇಡಬೇಕು. ಬಿಸಿಲು ಬೀಳುವ ಗೋಡೆಗೆ ಬಣ್ಣದ ಮೂಲಚಿತ್ರ ತೂಗಿಸಬಾರದು. ಬೋರ್ಡು ನಮ್ಮದಾದರೂ ಕಾಪಿರೈಟು ನಮ್ಮದಾಗುವುದಿಲ್ಲ, ಅದರಿಂದ ಪೋಸ್ಟರ್ ಮಾಡಿ ಮಾರುವಂತಿಲ್ಲ.

ಬೆಂಗಳೂರು, ಮೈಸೂರಿನ ಹಳೆಯ ಮನೆಗಳ ಅಟ್ಟದಲ್ಲೂ ಇಂಥ ಕಟ್ಟುಗಳು ಇರಬಹುದು. ಹಿಂದೆ ಅಲ್ಲಿ ಇಂಗ್ಲಿಷ್ ಶಾಲೆಗಳಿದ್ದವು, ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ಸಿಕ್ಕಿದರೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಬೈಂಡಿಂಗಿಗೆ ಕೊಟ್ಟು ಅಂಚು ಕತ್ತರಿಸಬೇಡಿ. ಲೈಬ್ರರಿಯ ಮುದ್ರೆ ಇದ್ದರೆ ಅದನ್ನೂ ಹಾಗೇ ಬಿಡಿ. ತುಕ್ಕು ಹಿಡಿದ ಪಿನ್ನನ್ನು ಎಳೆಯದೆ, ನಡುಪುಟ ತೆರೆದು, ಕಾಲುಗಳನ್ನು ಚಪ್ಪಟೆ ಚಾಕುವಿನಿಂದ ನೆಟ್ಟಗೆ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ತೆಗೆಯಿರಿ.