ಎಷ್ಟು ಇಂಚು ಎತ್ತರವೋ ಅಷ್ಟು ಅಡಿ ಉದ್ದ: ಎಲ್ಲರೂ ಒಳಗೆ ಬರುವಂಥ ಅಂಗಡಿ, ಎಲ್ಲರೂ ಓದುವಂಥ ವೆಬ್‌ಸೈಟ್

ಕಳೆದ ಮಳೆಗಾಲದಲ್ಲಿ ಭಾವನ ಜೊತೆ ಮಲೆನಾಡಿನ ಸಾಗರ ಪಟ್ಟಣದ ಕಡೆಯ ಒಂದು ಹೋಂಸ್ಟೇಗೆ ಹೋಗಿದ್ದೆವು. ಭಾವ ವೀಲ್‌ಚೇರ್ ಬಳಸುತ್ತಾರೆ. ಫೋನಿನಲ್ಲಿ ಕೇಳಿದಾಗ ‘ರ‍್ಯಾಂಪ್ ಇದೆ ಸಾರ್, ಬನ್ನಿ’ ಎಂದಿದ್ದರು. ಇತ್ತು, ಸುಳ್ಳಲ್ಲ. ಒಂದೂವರೆ ಅಡಿ ಎತ್ತರದ ಜಗಲಿಗೆ ಐದೇ ಅಡಿ ಉದ್ದದ ಇಳಿಜಾರು. ಅದರ ಮೇಲೆ ನುಣುಪು ಟೈಲ್ಸ್, ಟೈಲ್ಸ್ ಮೇಲೆ ಪಾಚಿ. ನಾನು ಹಿಂದಿನಿಂದ ತಳ್ಳಿ, ಅಲ್ಲಿನ ಹುಡುಗ ಮುಂದಿನಿಂದ ಎಳೆದು ಹತ್ತಿಸುವಷ್ಟರಲ್ಲಿ ಚಕ್ರ ಎರಡು ಸಲ ಜಾರಿತು. ‘ಇದು ರ‍್ಯಾಂಪ್ ಅಲ್ಲ ಮಾರಾಯ, ಜಾರುಬಂಡೆ’ ಎಂದರು ಭಾವ.

ಮಾಲೀಕರ ಮನಸ್ಸು ಒಳ್ಳೆಯದೇ. ಸಿಮೆಂಟು, ಟೈಲ್ಸಿಗೆ ದುಡ್ಡೂ ಹಾಕಿದ್ದರು. ಅಳತೆ ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ.

ಕಾನೂನು, ಚುಟುಕಾಗಿ

‘ಸಾರ್ವಜನಿಕ ಕಟ್ಟಡ’ ಅಂದರೆ ಸರ್ಕಾರಿ ಕಚೇರಿ ಅಂತಲೇ ನಾವು ಅಂದುಕೊಳ್ಳುತ್ತೇವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹಾಗೆ ಹೇಳುವುದಿಲ್ಲ. ಜನ ಬಂದುಹೋಗುವ ಖಾಸಗಿ ಕಟ್ಟಡವೂ ಅದರಲ್ಲಿ ಸೇರುತ್ತದೆ. ಅಂಗಡಿ, ಆಸ್ಪತ್ರೆ, ಶಾಲೆ, ದೇವಸ್ಥಾನ ಎಲ್ಲವೂ. ನಿಯಮಕ್ಕೆ ಹೊಂದದ ಪ್ಲಾನಿಗೆ ಪರವಾನಗಿ ಕೊಡುವಂತಿಲ್ಲ ಎನ್ನುತ್ತದೆ 44ನೇ ಸೆಕ್ಷನ್. ಹಳೇ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು, 2017ರಲ್ಲಿ ನಿಯಮಗಳು ಬಂದಲ್ಲಿಂದ ಕೊಟ್ಟಿದ್ದ ಐದು ವರ್ಷ 2022ಕ್ಕೇ ಮುಗಿದಿದೆ. ಕಾಯ್ದೆ ಮೀರಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ ದಂಡ. ಮತ್ತೆ ಮೀರಿದರೆ 50 ಸಾವಿರದಿಂದ 5 ಲಕ್ಷದವರೆಗೆ.

ದೃಷ್ಟಿದೋಷವಿರುವ ರಾಜೀವ್ ರತುರಿ ಅವರು 2005ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪು ಕೊಟ್ಟಿತು. ಇಳಿಜಾರು, ಬಾಗಿಲು ಮುಂತಾದವುಗಳ ಅಳತೆಗಳನ್ನು ಬರೀ ಸಲಹೆಯ ಮಟ್ಟದಲ್ಲಿ ಬಿಟ್ಟಿದ್ದ, ಈ ಕಾಯ್ದೆಯಡಿ ಮಾಡಿದ ನಿಯಮಗಳಲ್ಲಿನ 15(1)ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದು ಹೇಳಿತು. ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು. ಹಾಗಾಗಿ ‘ಮಾಡಿದರೆ ಒಳ್ಳೇದು’ ಅನ್ನುವ ಕಾಲ ಹೋಯಿತು.

ಟೇಪು ಹಿಡಿಯಿರಿ

ಮೇಸ್ತ್ರಿಯನ್ನು ಕರೆಯುವ ಮೊದಲು ರಸ್ತೆಯಿಂದ ನಿಮ್ಮ ಗಲ್ಲಾಪೆಟ್ಟಿಗೆವರೆಗೆ ಅಳೆಯುತ್ತಾ ಬನ್ನಿ. ಮೆಟ್ಟಿಲು ಎಷ್ಟು, ಒಂದೊಂದೂ ಎಷ್ಟು ಇಂಚು, ಬಾಗಿಲು ಎಷ್ಟಗಲ ಅಂತ ಚೀಟಿಯಲ್ಲಿ ಬರೆದುಕೊಳ್ಳಿ.

ರ‍್ಯಾಂಪಿನ ಲೆಕ್ಕ ಸುಲಭ. ಇಳಿಜಾರು 1ಕ್ಕೆ 12 ಇರಬೇಕು. ಅಂದರೆ ಎಷ್ಟು ಇಂಚು ಎತ್ತರವೋ ಅಷ್ಟು ಅಡಿ ಉದ್ದ. ಆರು ಇಂಚಿನ ಒಂದು ಮೆಟ್ಟಿಲಿಗೆ 6 ಅಡಿ. ಆ ಹೋಂಸ್ಟೇ ಜಗಲಿಗೆ 18 ಅಡಿ ಬೇಕಿತ್ತು, ಮಧ್ಯೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟು ಜಾಗ ಬೇರೆ. ಅಗಲ 4 ಅಡಿಗೆ ಕಡಿಮೆ ಬೇಡ. ಎರಡೂ ಬದಿ ಹಿಡಿಕೆಯ ಕಂಬಿ ಇರಲಿ.

ಗಾಂಧಿ ಬಜಾರಿನ ಹಳೇ ಅಂಗಡಿ ಮುಂದೆ 18 ಅಡಿ ಎಲ್ಲಿಂದ ತರೋದು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಫುಟ್‌ಪಾತಿನ ಮೇಲೆ ಚಾಚಬೇಡಿ. ಕಣ್ಣು ಕಾಣದವರು ಅದಕ್ಕೇ ಎಡವುತ್ತಾರೆ. ಪಕ್ಕದಲ್ಲಿ ಜಾಗವಿದ್ದರೆ ರ‍್ಯಾಂಪನ್ನು ತಿರುಗಿಸಿ, ತಿರುವಿನಲ್ಲಿ 5 ಅಡಿ ಚೌಕದ ಸಮತಟ್ಟು ಬಿಡಿ. ಒಂದೇ ಮೆಟ್ಟಿಲಾದರೆ ಮಡಚುವ ಅಲ್ಯೂಮಿನಿಯಂ ರ‍್ಯಾಂಪ್ ಸಾಕು, ಬೇಕಾದಾಗ ಹಾಸಿ ತೆಗೆದಿಡಬಹುದು. ಯಾವುದೂ ಆಗದಿದ್ದರೆ ಕೆಳಗೆ, ಕುಳಿತವರ ಕೈಗೆ ಎಟುಕುವಂತೆ ಒಂದು ಬೆಲ್ ಹಾಕಿ. ಆದರೆ ಬೆಲ್ ಹೊಡೆದಾಗ ಯಾರಾದರೂ ಬರಬೇಕಲ್ವಾ? ಕಾನೂನಿನ ಲೆಕ್ಕಕ್ಕೆ ಬೆಲ್ಲು ರ‍್ಯಾಂಪಿನ ಬದಲಿಯಲ್ಲ. ಸದ್ಯಕ್ಕೊಂದು ದಾರಿ ಅಷ್ಟೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಪಾಲಿಶ್ ಗ್ರಾನೈಟು, ನುಣುಪು ಟೈಲ್ಸು ರ‍್ಯಾಂಪಿಗೆ ಬೇಡವೇ ಬೇಡ. ಸಿಮೆಂಟು ಹಸಿಯಿದ್ದಾಗಲೇ ತೆಂಗಿನ ಕಡ್ಡಿಯ ಪೊರಕೆ ಎಳೆದು ಒರಟು ಮಾಡಿಸಿ. ಗೆರೆ ಅಡ್ಡಡ್ಡ ಇರಲಿ. ಸೂರಿನ ನೀರು ಎಲ್ಲಿ ಬೀಳುತ್ತದೆ ನೋಡಿ. ರ‍್ಯಾಂಪಿನ ಮೇಲೇ ಬಿದ್ದರೆ ಆಷಾಢ ಮುಗಿಯುವುದರೊಳಗೆ ಪಾಚಿ ಗ್ಯಾರಂಟಿ. ಸೂರಿನ ಅಂಚಿಗೆ ಒಂದು ದೋಣಿ ಕಟ್ಟಿ ನೀರನ್ನು ಆಚೆ ಹರಿಸಿ. ಅಡಿಕೆ ಮರ ಸೀಳಿದ ದಬ್ಬೆ ಜೋಡಿಸಿ, ಹಳ್ಳ ದಾಟುವ ಸಂಕದ ಹಾಗೆ ಮಾಡಿದ್ದನ್ನೂ ನೋಡಿದ್ದೇನೆ. ಮಳೆ ಬಿದ್ದರೆ ಅದರ ಮೇಲೆ ನಡೆಯುವವರಿಗೇ ಕಷ್ಟ, ಇನ್ನು ಚಕ್ರದ ಕಥೆ ಕೇಳಬೇಡಿ.

ಬಾಗಿಲು ತೆರೆದಾಗ 900 ಮಿ.ಮೀ., ಅಂದರೆ ಹತ್ತಿರ ಹತ್ತಿರ 3 ಅಡಿ ಖಾಲಿ ಸಿಗಬೇಕು. ಹಳೇ ಮನೆಗಳ ಹೊಸ್ತಿಲು ತೆಗೆಸಿ ಎಂದರೆ ಅಮ್ಮಂದಿರು ಒಪ್ಪುವುದಿಲ್ಲ, ನಮ್ಮನೆಯಲ್ಲೂ ಒಪ್ಪಲಿಲ್ಲ. ಹೊಸ್ತಿಲು ಇರಲಿ, ಅದರ ಎರಡೂ ಕಡೆ ಇಳಿಜಾರಾಗಿ ಕೆತ್ತಿದ ಮರದ ತುಂಡು ಕೂರಿಸಿ. ರಂಗೋಲಿಗೆ ಜಾಗ ಉಳಿಯುತ್ತದೆ.

ಒಳಗೆ ವೀಲ್‌ಚೇರ್ ತಿರುಗಲು 5 ಅಡಿ ಸುತ್ತಳತೆಯಲ್ಲ, 5 ಅಡಿ ಅಡ್ಡಳತೆಯ ಜಾಗ ಬೇಕು. ಕೌಂಟರಿನ ಒಂದು ಭಾಗವನ್ನು ಸುಮಾರು 30 ಇಂಚಿಗೆ ತಗ್ಗಿಸಿ. ಶೌಚಾಲಯದ ಬಾಗಿಲು ಹೊರಗೆ ತೆರೆಯಲಿ. ಆಮೇಲೆ ದಯವಿಟ್ಟು ಅಲ್ಲಿ ಬಕೆಟ್ಟು, ಪೊರಕೆ, ಹಳೇ ಫ್ಲೆಕ್ಸು ತುಂಬಬೇಡಿ.

ಈಗ ವೆಬ್‌ಸೈಟ್

ಡಿಜಿಟಲ್ ಸೇವೆ ಎಲ್ಲರ ಕೈಗೂ ಸಿಗುವುದು ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಹೇಳಿದೆ. ವೆಬ್‌ಸೈಟ್ ಹಾಗೂ ಆ್ಯಪ್‌ಗಳಿಗೆ ಐಎಸ್ 17802 ಎಂಬ ಭಾರತೀಯ ಮಾನದಂಡವೇ ಇದೆ. ಸೈಟ್ ಮಾಡಿಕೊಡುವವರಿಗೆ ಈ ಸಂಖ್ಯೆ ಹೇಳಿ, ಕೆಲಸ ಒಪ್ಪಿಸುವಾಗಲೇ.

ಕನ್ನಡದ ಸೈಟುಗಳಲ್ಲಿ ಒಂದು ವಿಶೇಷ ತೊಂದರೆ ಇದೆ. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ. ಕಂಪ್ಯೂಟರಿಗೆ ಮಾತ್ರ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಣ್ಣು ಕಾಣದವರು ಬಳಸುವ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿಹೇಳುವ ಸ್ಕ್ರೀನ್ ರೀಡರ್ ಆ ಕಲಸುಮೇಲೋಗರವನ್ನೇ ಓದುತ್ತದೆ. ಪರೀಕ್ಷೆ ಸುಲಭ: ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪಿಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಅದು ಕಂಪ್ಯೂಟರಿಗೂ ಕನ್ನಡವೇ ಆಗಿರುವ ಯೂನಿಕೋಡ್, ಸರಿ ಇದೆ. ಕಸ ಬಂದರೆ ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ಬದಲಿಸಿ.

ರೂಮಿನ ದರಪಟ್ಟಿ, ಊಟದ ಮೆನುವನ್ನು ಫೋಟೊ ಮಾಡಿ ಹಾಕಿದರೂ ಅದೇ ಗತಿ. ಅಕ್ಷರದಲ್ಲೂ ಬರೆಯಿರಿ. ಫೋಟೊಗೆ ವಿವರಣೆಯ ಜಾಗದಲ್ಲಿ ‘ಚಿತ್ರ 3’ ಅಂತ ಸುಮ್ನೆ ಹಾಕದೆ, ‘ಕೆಳಮಹಡಿಯ ರೂಮು, ಬಾಗಿಲಿಗೆ ಮೆಟ್ಟಿಲಿಲ್ಲ’ ಎಂದು ಬರೆಯಿರಿ. ತೆಳು ಬೂದಿ ಬಣ್ಣದ ಅಕ್ಷರ ನೋಡಲು ಸ್ಟೈಲು, ಓದಲು ಹಿಂಸೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬಣ್ಣದ ವ್ಯತ್ಯಾಸ (ಕಾಂಟ್ರಾಸ್ಟ್) ಇರಲಿ. ವಿಡಿಯೊಗೆ ಮಾತನ್ನು ಅಕ್ಷರದಲ್ಲಿ ತೋರಿಸುವ ಕೆಳಸಾಲು (ಸಬ್‌ಟೈಟಲ್) ಕೊಡಿ.

ಕೊನೆಗೆ ನೀವೇ ಪರೀಕ್ಷಿಸಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ, ಅದರಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್. ಆನ್ ಮಾಡಿ, ಕಣ್ಣು ಮುಚ್ಚಿ, ನಿಮ್ಮದೇ ಸೈಟಿನಲ್ಲಿ ಫೋನ್ ನಂಬರ್ ಹುಡುಕಿ. ಒಂದು ಎಚ್ಚರಿಕೆ: ಆನ್ ಆದಮೇಲೆ ಒಂದು ಸಲ ಮುಟ್ಟಿದರೆ ಬರೀ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ನಾನು ಮೊದಲ ಸಲ ಗಾಬರಿಯಾಗಿ ಫೋನು ಕೆಟ್ಟಿತು ಅಂದುಕೊಂಡಿದ್ದೆ. ಈಗಿನ ಹೆಚ್ಚಿನ ಫೋನುಗಳಲ್ಲಿ ವಾಲ್ಯೂಮಿನ ಎರಡೂ ಗುಂಡಿ ಮೂರು ಸೆಕೆಂಡ್ ಒತ್ತಿ ಹಿಡಿದರೆ ಆಫ್ ಆಗುತ್ತದೆ.

ಕಟ್ಟಡದ ಪರೀಕ್ಷೆಗೆ ಮಾತ್ರ ನೀವು ಸಾಲದು. ಗ್ರಾಮ ಪಂಚಾಯ್ತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರನ್ನು ಕೇಳಿ, ವೀಲ್‌ಚೇರ್ ಬಳಸುವ ಒಬ್ಬರನ್ನು ಕರೆಸಿ ಹತ್ತಿಸಿ, ಇಳಿಸಿ ನೋಡಿ. ಮೇಸ್ತ್ರಿಯ ಕೊನೇ ಕಂತು ಅಲ್ಲಿಯವರೆಗೆ ನಿಮ್ಮ ಹತ್ತಿರವೇ ಇರಲಿ.