ಪೋರ್ಟ್ 25 ಮುಚ್ಚಿದ್ದರೂ ಮನೆ ಸರ್ವರ್‌ನಿಂದ ಮೇಲ್ ಹೋಗುತ್ತಿದೆ

ಮನೆಯಿಂದ ಮೇಲ್ ಕಳಿಸೋದು ಆಗದ ಹೋಗದ ಕೆಲಸ ಅಂದವರೇ ಜಾಸ್ತಿ. ಈಗ ನನ್ನ ಮೇಲ್ ನೇರ ಇನ್‌ಬಾಕ್ಸ್‌ಗೆ ಬೀಳುತ್ತಿದೆ.

ಒಳಗೆ ಬರುವ ಮೇಲ್‌ಗೆ ತೊಂದರೆ ಇರಲಿಲ್ಲ. ಸರ್ವರ್‌ನಿಂದ ಸರ್ವರ್‌ಗೆ ಮೇಲ್ ದಾಟುವ ಬಾಗಿಲೇ ಪೋರ್ಟ್ 25; ಹೊರಗೆ ಹೋಗುವ 25 ಮಾತ್ರ ಇಂಟರ್ನೆಟ್ ಕಂಪನಿ ಬಂದ್ ಮಾಡಿತ್ತು. ಮೇಲ್‌ಕ್ಯೂ (ಹೋಗಲು ಕಾದಿರುವ ಮೇಲ್‌ಗಳ ಸಾಲು) ನೋಡಿದರೆ ಸಾಲುಸಾಲು 'ಕನೆಕ್ಷನ್ ಟೈಮ್ಡ್ ಔಟ್'. ನನ್ನ ಮೇಲ್ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್ ಪಾಪ 5 ದಿನ ಬಾಗಿಲು ಬಡಿದು ಆಮೇಲೆ ಬೌನ್ಸ್ ಮಾಡುತ್ತದೆ, ಅಂದರೆ ತಲುಪಲಿಲ್ಲ ಅಂತ ವಾಪಸ್ ಕಳಿಸುತ್ತದೆ. ಬಿಸಿನೆಸ್ ಕನೆಕ್ಷನ್ ತಗೊಳ್ಳಿ, 25 ಬಿಡ್ತೀವಿ ಅಂದರು ಕಂಪನಿಯವರು. ದರ ಹೆಚ್ಚುಕಮ್ಮಿ ಮೂರು ಪಟ್ಟು! ಡೈನಮಿಕ್ ಐಪಿಯಲ್ಲೇ (ಆಗಾಗ ಬದಲಾಗುವ ಇಂಟರ್ನೆಟ್ ವಿಳಾಸ) 25 ಬಿಟ್ಟರೂ ಲಾಭ ಇಲ್ಲ, ಅಂಥವು ಸ್ಪ್ಯಾಮ್ ತಡೆಯುವ ಸ್ಪ್ಯಾಮ್‌ಹಾಸ್ ಸಂಸ್ಥೆಯ ಪಿಬಿಎಲ್ (ನೇರ ಮೇಲ್ ಕಳಿಸಬಾರದ ಐಪಿಗಳ) ಪಟ್ಟಿಯಲ್ಲಿರುವುದೇ ಹೆಚ್ಚು.

ಮೊದಲು ಪೋರ್ಟ್ 587ರಲ್ಲಿ ನಮ್ಮ ಮೇಲ್ ತಗೊಂಡು ಮುಂದೆ ತಲುಪಿಸುವ ರಿಲೇ ಸೇವೆ ಹಿಡಿದೆ. ಅದಕ್ಕೆ ಬೇಕಾದ ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ಗಳು (ರಿಲೇಹೋಸ್ಟ್, ಪಾಸ್‌ವರ್ಡ್ ಫೈಲ್, ಪೋಸ್ಟ್‌ಮ್ಯಾಪ್) ಮಾಮೂಲಿನವೇ. ಡೆಬಿಯನ್ ಲಿನಕ್ಸ್‌ನಲ್ಲಿ 'ನೋ ಮೆಕ್ಯಾನಿಸಂ ಅವೈಲಬಲ್' ಅಂತ ಬಂದರೆ ಲಾಗಿನ್‌ಗೆ ಬೇಕಾದ ಲಿಬ್‌ಸ್ಯಾಸಲ್2-ಮಾಡ್ಯೂಲ್ಸ್ ಪ್ಯಾಕೇಜ್ ಇದೆಯಾ ನೋಡಿ, ನನ್ನ ಒಂದು ಸಂಜೆ ಅದಕ್ಕೇ ಹೋಯಿತು. ಮೇಲ್ ಏನೋ ಹೋಯಿತು. ಆದರೆ ಬಿಟ್ಟಿ ಖಾತೆಗೆ ದಿನದ ಮಿತಿ, ಮೇಲಾಗಿ ಐಪಿ ಹತ್ತಾರು ಜನರದ್ದು. ಯಾರೋ ಸ್ಪ್ಯಾಮ್ ಕಳಿಸಿದರೆ ಏಟು ನನಗೆ.

ಕೊನೆಗೆ ಇರುವುದರಲ್ಲೇ ಚಿಕ್ಕ ವಿಪಿಎಸ್ (ಬಾಡಿಗೆ ಸರ್ವರ್) ತಗೊಂಡೆ. ಬಿಸಿನೆಸ್ ಕನೆಕ್ಷನ್‌ಗೆ ಜಾಸ್ತಿ ಕೊಡಬೇಕಿದ್ದ ದುಡ್ಡಿನ ಅರ್ಧವೂ ಆಗಲಿಲ್ಲ. ಮನೆಗೂ ಅದಕ್ಕೂ ವೈರ್‌ಗಾರ್ಡ್ ಟನಲ್, ಅಂದರೆ ಎನ್‌ಕ್ರಿಪ್ಟ್ ಆದ ಖಾಸಗಿ ದಾರಿ. ಮೇಲ್‌ಬಾಕ್ಸ್, ಡಿಕಿಮ್ ಸಹಿ (ಮೇಲ್ ನನ್ನ ಡೊಮೇನ್‌ನದ್ದೇ ಅನ್ನುವ ಡಿಜಿಟಲ್ ಗುರುತು) ಎಲ್ಲ ಮನೆಯಲ್ಲೇ, ವಿಪಿಎಸ್ ಬರೀ ದಾಟಿಸುತ್ತದೆ. ಅಲ್ಲೂ 25 ಮುಚ್ಚಿತ್ತು, ಟಿಕೆಟ್ (ಕೋರಿಕೆ) ಹಾಕಿ ತೆಗೆಸಿದೆ. ಟಿಕೆಟ್‌ನಲ್ಲಿ ಏನು ಬರೆದೆ ಅನ್ನೋದು ನನ್ನ ಹತ್ತಿರವೇ ಇರಲಿ. ಮೊದಲು ಸಿಕ್ಕ ಐಪಿ ಬ್ಲಾಕ್‌ಲಿಸ್ಟ್‌ನಲ್ಲಿತ್ತು. ಮೆಷಿನ್ ಅಳಿಸಿ ಹೊಸದು ಮಾಡುತ್ತಾ ಹೋದೆ, ಶುದ್ಧವಾದದ್ದು ಸಿಗುವವರೆಗೆ. ಗಂಟೆ ಲೆಕ್ಕದ ಬಿಲ್ ಆದ್ದರಿಂದ ಖರ್ಚು ಪುಡಿಗಾಸು.

ಪಿಟಿಆರ್ (ಐಪಿಗೆ ಯಾವ ಹೆಸರು ಅಂತ ತಿಳಿಸುವ ದಾಖಲೆ) ಮತ್ತು ಹೆಲೋ (ಸರ್ವರ್ ತನ್ನ ಪರಿಚಯ ಹೇಳಿಕೊಳ್ಳುವ) ಹೆಸರು ಒಂದೇ ಇಟ್ಟೆ. ಎಸ್‌ಪಿಎಫ್‌ನಲ್ಲಿ (ನನ್ನ ಡೊಮೇನ್ ಹೆಸರಲ್ಲಿ ಯಾವ ಐಪಿ ಮೇಲ್ ಕಳಿಸಬಹುದು ಅನ್ನುವ ಪಟ್ಟಿ) ವಿಪಿಎಸ್ ಐಪಿ ಒಂದೇ. ಡಿಕಿಮ್‌ನ 2048 ಬಿಟ್ ಕೀ ಡೊಮೇನ್‌ನ ಟಿಎಕ್ಸ್‌ಟಿ ದಾಖಲೆಯ ಒಂದು ತುಂಡಿನ 255 ಅಕ್ಷರದಲ್ಲಿ ಹಿಡಿಯಲ್ಲ, ಎರಡು ತುಂಡು ಮಾಡಿ ಹಾಕಬೇಕು. ಟನಲ್ ಸುಮ್ಮನಿದ್ದಾಗ ವಿಪಿಎಸ್ ಕಡೆಯ ಬೌನ್ಸ್ ಮನೆಗೆ ಬರುತ್ತಿರಲಿಲ್ಲ. ಕೀಪ್‌ಅಲೈವ್ (ಟನಲ್ ಎಚ್ಚರವಾಗಿಡುವ ಸಂಕೇತ) 25 ಸೆಕೆಂಡ್‌ಗೊಮ್ಮೆ ಇಟ್ಟೆ, ಸರಿಹೋಯಿತು. ಇಲ್ಲೂ 25, ನೋಡಿ!

ನಡುವೆ ಸುಮ್ನೆ ಹೊಸ ಬಗೆಯ ಐಪಿ ವಿಳಾಸ ಐಪಿವಿ6ನಲ್ಲೂ ಕಳಿಸಿ ನೋಡಿದೆ. ಅದಕ್ಕೆ ಬೇರೆ ಪಿಟಿಆರ್ ಬೇಕು. ಸದ್ಯಕ್ಕೆ ಐಪಿವಿ4 ಸಾಕು ಅಂತ ಬಿಟ್ಟೆ.

ಒಂದು ದೊಡ್ಡ ಮೇಲ್ ಕಂಪನಿ ಮಾತ್ರ ಕೆಲವು ವಾರ ಜಂಕ್‌ಗೆ ತಳ್ಳುತ್ತಿತ್ತು. ದಿನಕ್ಕೆ ನಾಲ್ಕೈದು ಮೇಲ್‌ನಿಂದ ಶುರುಮಾಡಿ ನಿಧಾನಕ್ಕೆ ಏರಿಸಿದೆ, ಒಪ್ಪಿಕೊಂಡಿತು. ಡಿಮಾರ್ಕ್ (ತಪಾಸಣೆಯಲ್ಲಿ ಸೋತ ಮೇಲ್‌ಗೆ ಏನು ಮಾಡಬೇಕು ಅನ್ನುವ ನಿಯಮ) ಇನ್ನೂ 'ನನ್'ನಲ್ಲೇ (none, ಏನೂ ಮಾಡಬೇಡ) ಇದೆ. ಇನ್ನೊಂದಿಷ್ಟು ವರದಿ ನೋಡಿಕೊಂಡು 'ಕ್ವಾರಂಟೈನ್'ಗೆ (ಜಂಕ್‌ಗೆ ತಳ್ಳು) ಹಾಕುತ್ತೇನೆ.