ಬಕೆಟ್, ಗಡಿಯಾರ, ಕಪ್ಪಾದ ಬಾಟಲಿ: ಎರೆಭೂಮಿಯ ಊರಲ್ಲಿ ನೀರಿನ ಕೆಲಸ

ನಾನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಧಾರವಾಡ ಜಿಲ್ಲೆಯ ನವಲಗುಂದ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಮಾಡಿದ ನೀರಿನ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಊರಿನ ಹೆಸರು ಬೇಡ. ಆ ಕಡೆಯ ಎರೆಭೂಮಿಯ ಯಾವ ಊರಿಗೆ ಹೋದರೂ ಕತೆ ಹೆಚ್ಚು ಕಡಿಮೆ ಇದೇ ಇರುತ್ತದೆ.

ಮೊದಲು ನೆಲದ ವಿಷಯ. ಇಲ್ಲಿ ಬೋರ್ ಕೊರೆಸಿದರೆ ನೀರು ಬೀಳಬಹುದು, ಆದರೆ ಬಹಳ ಕಡೆ ಅದು ಸವಳು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಅದಕ್ಕೇ ಊರಿಗೊಂದು ಕುಡಿಯುವ ನೀರಿನ ಕೆರೆ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭಾ ಬಲದಂಡೆ ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಳ್ಳಬೇಕು. ಮುಂದಿನ ಸಲ ಕಾಲುವೆ ಬರುವ ತನಕ ಅದರಲ್ಲೇ ಬದುಕಬೇಕು. ಬೇಸಿಗೆಯಲ್ಲಿ ಕೊಡ ಹೊತ್ತು, ಸೈಕಲ್ಲಿಗೆ ಕೊಡ ಕಟ್ಟಿ, ಚಕ್ಕಡಿಯಲ್ಲಿ ಡ್ರಮ್ ಇಟ್ಟು ಕೆರೆಗೆ ಹೋಗುವುದು ಇಲ್ಲಿ ಎಲ್ಲರೂ ಕಂಡ ನೋಟ.

2019ರ ಆಗಸ್ಟ್ 15ರಂದು ಹಳ್ಳಿಯ ಪ್ರತಿ ಮನೆಗೂ ನಳದ ನೀರು ಕೊಡುವ ಕೇಂದ್ರದ ಯೋಜನೆ, ಜಲ ಜೀವನ್ ಮಿಷನ್, ಘೋಷಣೆಯಾಯಿತು. ಆಗ ದೇಶದ ಹಳ್ಳಿಮನೆಗಳಲ್ಲಿ ನಳ ಇದ್ದದ್ದು ಸುಮಾರು 3.23 ಕೋಟಿ ಮನೆಗೆ, ಅಂದರೆ ನೂರಕ್ಕೆ 17 ಮನೆಗೆ. ನಮ್ಮ ರಾಜ್ಯದಲ್ಲಿ ಇದೇ ಯೋಜನೆ ‘ಮನೆ ಮನೆಗೆ ಗಂಗೆ’ ಎಂಬ ಹೆಸರಲ್ಲಿ ಬಂತು. ಹಾಗಂತ ಇದು ಮೊದಲನೆಯದೇನಲ್ಲ. ಕೇಂದ್ರದ ಗ್ರಾಮೀಣ ನೀರಿನ ಯೋಜನೆ 1972ರಿಂದಲೇ ಇದೆ. 2002ರಲ್ಲಿ ಸ್ವಜಲಧಾರಾ, 2009ರಲ್ಲಿ ರಾಷ್ಟ್ರೀಯ ಗ್ರಾಮೀಣ ಕುಡಿಯುವ ನೀರಿನ ಕಾರ್ಯಕ್ರಮ. ನಡುವೆ ವಿಶ್ವಬ್ಯಾಂಕ್ ಸಾಲದ ಜಲ ನಿರ್ಮಲ ಯೋಜನೆ ನಮ್ಮ ಉತ್ತರ ಕರ್ನಾಟಕಕ್ಕೆ ಬಂದಿತ್ತು. ನಮ್ಮೂರಲ್ಲಿ ಎಲ್ಲಿ ಅಗೆದರೂ ಯಾವುದೋ ಕಾಲದ ಪೈಪು ಸಿಗುತ್ತಿತ್ತು. ಯಾವುದು ಜೀವಂತ, ಯಾವುದು ಸತ್ತದ್ದು ಎಂದು ಊರಿಗೆ ನೀರು ಬಿಡುವ ವಾಲ್ವ್‌ಮನ್ ಒಬ್ಬನಿಗೇ ಗೊತ್ತು. ಆದ್ದರಿಂದ ನಾವು ಮಾಡಿದ ಮೊದಲ ಕೆಲಸ ಅವನನ್ನು ಕರೆದುಕೊಂಡು ಓಣಿ ಓಣಿ ತಿರುಗಿ ಒಂದು ದೊಡ್ಡ ಹಾಳೆಯ ಮೇಲೆ ಪೈಪು, ವಾಲ್ವ್ ಎಲ್ಲ ಗುರುತು ಹಾಕಿದ್ದು. ಇದಕ್ಕೆ ಯಾವ ಅನುದಾನವೂ ಬೇಕಾಗಲಿಲ್ಲ.

ಹೊಸ ನಳ ಹಾಕುವುದು ಗುತ್ತಿಗೆದಾರರ ಕೆಲಸ. ಅದು ಹೇಗೋ ಮುಗಿಯುತ್ತದೆ. ಎಲ್ಲರ ಕಣ್ಣೂ ಅದರ ಮೇಲೇ ಇರುತ್ತದೆ. ಫೋಟೋ ತೆಗೆಯುವುದೂ ಅದರದ್ದೇ. ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಮಿಷನ್ನಿನ ಮಾರ್ಗಸೂಚಿಯಲ್ಲಿ ಯಾರೂ ಅಷ್ಟಾಗಿ ಓದದ ಮೂರು ಮಾತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು. ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ಊರಿಗೆ ಐದು ಜನ ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಿ ಕಿಟ್ ಕೊಡಬೇಕು.

55 ಲೀಟರ್ ಅಂದರೆ ಎಷ್ಟು? ಸಭೆಯಲ್ಲಿ ಹೀಗೆ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ಅದನ್ನು ಬಕೆಟ್ಟಿನ ಲೆಕ್ಕಕ್ಕೆ ಇಳಿಸಬೇಕು. ನಮ್ಮಲ್ಲಿ ದಿನ ಬಿಟ್ಟು ದಿನ ಓಣಿಗೆ ಒಂದು ತಾಸು ನೀರು ಬಿಡುತ್ತಿದ್ದೆವು. ಐದು ಜನರ ಮನೆಗೆ ಎರಡು ದಿನಕ್ಕೆ 550 ಲೀಟರ್ ಬೇಕು. ಅದು ಒಂದು ತಾಸಿನಲ್ಲಿ ಬರಬೇಕಾದರೆ 20 ಲೀಟರಿನ ಬಕೆಟ್ ಎರಡು ನಿಮಿಷದ ಆಸುಪಾಸಿನಲ್ಲಿ ತುಂಬಬೇಕು. ಇಷ್ಟೇ ಅಳತೆ. ಬಕೆಟ್ ಮನೆಯಲ್ಲೇ ಇರುತ್ತದೆ, ಗಡಿಯಾರ ಮೊಬೈಲಿನಲ್ಲಿ ಇರುತ್ತದೆ. ಸಮಿತಿಯ ಹೆಂಗಸರು ತಂತಮ್ಮ ಓಣಿಯ ಮೊದಲ ಮನೆ, ನಡುವಿನ ಮನೆ, ಕೊನೆಯ ಮನೆ ಹಿಡಿದು ಹೊತ್ತು ಬರೆದುಕೊಂಡರು.

ಕೆಳಗಿನ ಓಣಿಯಲ್ಲಿ ಬಕೆಟ್ ಒಂದು ನಿಮಿಷಕ್ಕೇ ತುಂಬಿ ಚೆಲ್ಲುತ್ತಿತ್ತು. ಮೇಲಿನ ಓಣಿಯ ಕೊನೆಯಲ್ಲಿ ಏಳೆಂಟು ನಿಮಿಷ ಬೇಕಿತ್ತು. ದಾಖಲೆಯಲ್ಲಿ ಎರಡೂ ಓಣಿ ‘ನಳ ಇರುವ ಮನೆ’ಗಳೇ! ಅಲ್ಲಿಯ ತನಕ ‘ನಮ್ಮ ಓಣಿಗೆ ನೀರ ಬರೂದಿಲ್ರಿ’ ಎಂದರೆ ‘ನಿಮ್ದು ಯಾವಾಗ್ಲೂ ಇದ್ದದ್ದೇ’ ಎಂದು ಬಾಯಿ ಮುಚ್ಚಿಸುತ್ತಿದ್ದರು. ಈಗ ಕೈಯಲ್ಲಿ ಅಂಕಿ ಇತ್ತು. ಜಗಳದ ದನಿಯೇ ಬೇರೆ ಆಯಿತು.

ಮುಂದಿನದು ವಾಲ್ವ್ ತಿರುಗಿಸುವ ಕೆಲಸ. ಊರಿನ ಎತ್ತರದ ನೀರಿನ ಟಾಕಿ ತುಂಬ ಇದ್ದಾಗ ಮೊದಲು ಮೇಲಿನ ಓಣಿಗೆ ಬಿಡುವುದು, ಕೆಳಗಿನ ಓಣಿಯ ವಾಲ್ವ್ ಪೂರ್ತಿ ತೆರೆಯದೆ ಬಿಗಿ ಮಾಡಿ ಇಡುವುದು, ಎಷ್ಟು ಸುತ್ತು ಎಂದು ವಾಲ್ವ್ ಗುಂಡಿಯ ಗೋಡೆಗೆ ಬಣ್ಣದಲ್ಲಿ ಬರೆಯುವುದು. ನಳಕ್ಕೆ ಮೋಟಾರು ಹಚ್ಚಿ ಎಳೆಯುವವರದ್ದು ದೊಡ್ಡ ಕಾಟ. ದಂಡ ಹಾಕುತ್ತೇವೆ ಎಂದರೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಎಳೆಯುವವರಲ್ಲಿ ಮೆಂಬರುಗಳೂ ಇರುತ್ತಾರೆ. ಊರಿಗೆ ಕರೆಂಟ್ ಇಲ್ಲದ ಹೊತ್ತು ನೋಡಿ ನೀರು ಬಿಟ್ಟೆವು. ಎತ್ತರದ ಟಾಕಿಯಿಂದ ನೀರು ಇಳಿಯಲು ಕರೆಂಟ್ ಬೇಡ, ಮೋಟಾರಿಗೆ ಬೇಕು. ಭಾಷಣಕ್ಕಿಂತ ಇದು ಜಾಸ್ತಿ ಕೆಲಸ ಮಾಡಿತು.

ಇನ್ನು ಬಾಟಲಿಯ ವಿಷಯ. ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ, ಉಳಿಕೆ ಕ್ಲೋರಿನ್ ಎಲ್ಲಕ್ಕೂ ಬಣ್ಣ ಹೋಲಿಸಿ ನೋಡುವ ವ್ಯವಸ್ಥೆ ಇರುತ್ತದೆ. ಗದಗ ಜಿಲ್ಲೆಯ ಮುಂಡರಗಿ ಕಡೆ ಫ್ಲೋರೈಡ್ ದೊಡ್ಡ ತಲೆನೋವು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಬಾರದು ಎಂಬುದು ಭಾರತೀಯ ಮಾನಕ. ನಮ್ಮದು ಕೆರೆಯ ನೀರಾದ್ದರಿಂದ ಆ ಚಿಂತೆ ಇರಲಿಲ್ಲ. ನಮಗೆ ಮುಖ್ಯವಾದದ್ದು ಎಚ್‌2ಎಸ್ ಬಾಟಲಿ. ಗುರುತಿನ ತನಕ ನೀರು ತುಂಬಿ, ಮುಚ್ಚಿ, ಮನೆಯೊಳಗೆ ಇಡಬೇಕು. ನೀರಿನಲ್ಲಿ ಮಲದ ಸೋಂಕು ಇದ್ದರೆ ಒಂದೆರಡು ದಿನದಲ್ಲಿ ಅದು ಕಪ್ಪಾಗುತ್ತದೆ. ಓದು ಬರಹ ಬಾರದವರಿಗೂ ಅರ್ಥವಾಗುವ ಪರೀಕ್ಷೆ ಇದು.

ಟಾಕಿಯ ನೀರು ತಿಳಿಯಾಗಿಯೇ ಉಳಿಯಿತು. ಕೆಳಗಿನ ಓಣಿಯದ್ದೂ ಹಾಗೆಯೇ. ಮೇಲಿನ ಓಣಿಯ ಅಕ್ಕ ಒಬ್ಬರು ಬಾಟಲಿ ಹಿಡಿದುಕೊಂಡು ಪಂಚಾಯಿತಿಗೇ ಬಂದರು. ‘ಮೇಡಂ, ನಮ್ಮ ಓಣಿದಷ್ಟ ಕರ್ರಗ ಆಗೈತ್ರಿ. ಎಲ್ಲಾರಿಗೂ ಬರೂದು ಅದ ಟಾಕಿ ನೀರಲ್ಲೇನ್ರಿ?’

ಅದೇ ಪ್ರಶ್ನೆ ಸರಿಯಾದದ್ದು. ನೀರು ಅದೇ, ಹಾಗಾದರೆ ಕೆಟ್ಟದ್ದು ದಾರಿಯಲ್ಲಿ. ಮೇಲಿನ ಓಣಿಯಲ್ಲಿ ನೀರಿನ ಒತ್ತಡ ಕಡಿಮೆ. ಹಾಗಾಗಿ ಜನ ನೆಲದಲ್ಲಿ ತಗ್ಗು ತೋಡಿ, ನಳ ಕತ್ತರಿಸಿ, ತಗ್ಗಿನಲ್ಲಿ ಕೂತು ನೀರು ಹಿಡಿಯುತ್ತಿದ್ದರು. ಪಕ್ಕದಲ್ಲೇ ಗಟಾರ. ಬಚ್ಚಲ ನೀರು ಬಸಿದು ಆ ತಗ್ಗಿನಲ್ಲಿ ನಿಲ್ಲುತ್ತಿತ್ತು. ಟಾಕಿಯ ವಾಲ್ವ್ ಬಂದ್ ಮಾಡಿದ ಕೂಡಲೇ ಪೈಪಿನಲ್ಲಿದ್ದ ನೀರು ಕೆಳಗಿನ ಓಣಿಯ ಕಡೆ ಇಳಿಯುತ್ತದೆ. ಹಿಂದೆ ಖಾಲಿಯಾದ ಪೈಪು ಎಳನೀರಿಗೆ ಹಾಕಿದ ಕೊಳವೆಯಂತೆ ತಗ್ಗಿನ ನೀರನ್ನು ಒಳಗೆ ಹೀರುತ್ತದೆ. ಮುಂದಿನ ಸಲ ನಳ ಬಂದಾಗ ಮೊದಲು ಬರುವುದು ಅದೇ.

ಇದು ಹಳ್ಳಿಯ ಕತೆ ಮಾತ್ರ ಅಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು, ಉಳಿದವಕ್ಕೆ ಬಿಟ್ಟು ಬಿಟ್ಟು ನೀರು ಇದ್ದ ಕಾಲದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಎರಡನ್ನೂ ಹೋಲಿಸಿ 2013ರಲ್ಲಿ ಅಧ್ಯಯನ ಪ್ರಕಟಿಸಿದರು. ಬಿಟ್ಟು ಬಿಟ್ಟು ಬರುವ ನಳದಲ್ಲಿ ಮಲದ ಬ್ಯಾಕ್ಟೀರಿಯಾ ಬಹಳ ಜಾಸ್ತಿ ಇತ್ತು. ನಮ್ಮ ಕಡತದಲ್ಲಿ ‘ಪ್ರಮಾಣ’ ಒಂದು ಕಾಲಂ, ‘ಗುಣಮಟ್ಟ’ ಇನ್ನೊಂದು ಕಾಲಂ. ನೆಲದ ಮೇಲೆ ಅವೆರಡೂ ಒಂದೇ ರೋಗ. ನೀರು ಕಡಿಮೆ ಬಂದದ್ದಕ್ಕೇ ತಗ್ಗು, ತಗ್ಗು ಇದ್ದದ್ದಕ್ಕೇ ಸೋಂಕು. ಬರೀ ‘ತಗ್ಗು ಮುಚ್ಚಿರಿ’ ಎಂದು ನೋಟಿಸ್ ಕೊಟ್ಟಿದ್ದರೆ ಯಾರು ಮುಚ್ಚುತ್ತಿದ್ದರು? ಒತ್ತಡ ಸರಿಯಾದ ಮೇಲೆ ನಳವನ್ನು ನೆಲದಿಂದ ಮೇಲಕ್ಕೆ ಎತ್ತಿಸಿದೆವು, ತಿರುಗಿಸಿ ಬಂದ್ ಮಾಡುವ ತೋಟಿ ಹಾಕಿಸಿದೆವು, ಗಟಾರ ದಾಟುವ ಕಡೆ ಪೈಪಿಗೆ ಹೊರಗವಚ ಕೊಟ್ಟೆವು. ತಗ್ಗುಗಳನ್ನು ಜನರೇ ಮುಚ್ಚಿದರು. ಮತ್ತೆ ಪರೀಕ್ಷೆ ಮಾಡಿದಾಗ ಬಾಟಲಿ ತಿಳಿಯಾಗಿತ್ತು. ಒಂದು ಮನೆಯದ್ದು ಮಾತ್ರ ಕಪ್ಪಾಯಿತು. ಅದು ನಳದ್ದಲ್ಲ, ನೀರು ತುಂಬಿಡುವ ಡ್ರಮ್ಮಿನದ್ದು. ಲೋಟ ಅದ್ದಿ ಅದ್ದಿ ತೆಗೆಯುತ್ತಿದ್ದರು. ಹಿಡಿ ಇರುವ ಸೌಟು ಕೊಡಿಸಿದೆವು. ಡ್ರಮ್ ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ಒಣಗಿಸುವ ಮಾತನ್ನು ಡೆಂಗಿ ಸೊಳ್ಳೆಯ ಹುಳು ತೋರಿಸಿಯೇ ಹೇಳಿದರು ನಮ್ಮ ಆಶಾ ಕಾರ್ಯಕರ್ತೆ.

ಬ್ಲೀಚಿಂಗ್ ಪೌಡರಿನದ್ದು ಒಂದು ಲೆಕ್ಕ. ಕೈಗೆ ಬಂದಷ್ಟು ಸುರಿಯುವುದು ಎಲ್ಲ ಕಡೆ ಇರುವ ರೂಢಿ. 50 ಸಾವಿರ ಲೀಟರಿನ ಟಾಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕಾದರೆ 100 ಗ್ರಾಂ ಕ್ಲೋರಿನ್ ಬೇಕು. ಪೌಡರಿನಲ್ಲಿ ಕ್ಲೋರಿನ್ ಇರುವುದು ನಾಲ್ಕನೇ ಒಂದು ಪಾಲು ಎಂದು ಹಿಡಿದರೆ 400 ಗ್ರಾಂ ಪೌಡರ್. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಹಾಕಬೇಕು. ಅರ್ಧ ತಾಸು ಬಿಟ್ಟು ನೀರು ಬಿಡಬೇಕು. ಕೊನೆಯ ಮನೆಯ ನಳದಲ್ಲಿ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಬಾಯಿ ತೆರೆದ ಚೀಲದಲ್ಲಿ ಇಟ್ಟ ಪೌಡರ್ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ವರ್ಷಕ್ಕೆಲ್ಲ ಒಂದೇ ಸಲ ಖರೀದಿ ಮಾಡುವುದು ನಿಲ್ಲಿಸಿದೆವು. ನಮ್ಮದು ಮೂರು ಸಾವಿರದಷ್ಟು ಜನ. ದಿನಕ್ಕೆ 1.65 ಲಕ್ಷ ಲೀಟರ್ ಬೇಕು, ಅಂಥ ಟಾಕಿ ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚೇ ತುಂಬಬೇಕು. ಪ್ರತಿ ಸಲ ವಾಲ್ವ್‌ಮನ್ ಏಣಿ ಹತ್ತುವುದು ಆಗದ ಮಾತು. ಪೌಡರಿನ ತಿಳಿ ಹನಿ ಹನಿಯಾಗಿ ಬೀಳುವ ಡ್ರಮ್ ಕೂರಿಸಿದೆವು.

ಕೆರೆಯ ನೀರು ಸೋಸುವ, ಕೆರೆ ಪಕ್ಕದ ಮರಳು ಶೋಧಕ ನನ್ನ ಪ್ರಕಾರ ಈ ಭಾಗದ ಅತಿ ಒಳ್ಳೆಯ ಯಂತ್ರ. ಅದರಲ್ಲಿ ಯಂತ್ರವೇ ಇಲ್ಲ ಅನ್ನಿ! ಸುಮಾರು ಒಂದು ಮೀಟರ್ ಸಣ್ಣ ಮರಳು, ಕೆಳಗೆ ಜಲ್ಲಿ. ಮರಳಿನ ಮೇಲೆ ಕೆಲವು ವಾರದಲ್ಲಿ ಒಂದು ಜೀವಂತ ಪದರ ಕಟ್ಟುತ್ತದೆ. ರೋಗಾಣುಗಳನ್ನು ತಡೆಯುವುದು ಮುಖ್ಯವಾಗಿ ಆ ಪದರವೇ. ನೀರು ಇಳಿಯುವುದು ನಿಧಾನವಾದಾಗ ಮೇಲಿನ ಒಂದೆರಡು ಸೆಂಟಿಮೀಟರ್ ಮರಳನ್ನು ಮಾತ್ರ ಕೆರೆದು ತೆಗೆಯಬೇಕು. ಕೂಲಿಯವರಿಗೆ ಹೇಳಿದರೆ ಇಡೀ ಮರಳು ಅಗೆದು ತೊಳೆದು ‘ಸ್ವಚ್ಛ’ ಮಾಡಿಬಿಡುತ್ತಾರೆ, ಆಗ ಪದರ ಸತ್ತೇ ಹೋಗುತ್ತದೆ. ಶೋಧಕ ಕೆರೆಯುವ ದಿನ ಸಮಿತಿಯ ಒಬ್ಬರು ಅಲ್ಲಿ ನಿಲ್ಲಲೇಬೇಕು ಎಂದು ಗೊತ್ತು ಮಾಡಿದೆವು. ಕೆರೆದ ಮೇಲಿನ ಮೊದಲ ದಿನಗಳ ನೀರು ಊರಿಗಲ್ಲ, ಹೊರಗೆ.

ಶೌಚಾಲಯದ ವಿಷಯ ಸಾಕಷ್ಟು ಜನ ಬರೆದಿದ್ದಾರೆ. 2014ರ ಅಕ್ಟೋಬರ್ 2ಕ್ಕೆ ಸ್ವಚ್ಛ ಭಾರತ ಶುರುವಾಗಿ, 2019ರ ಅದೇ ದಿನ ಹಳ್ಳಿಗಳೆಲ್ಲ ಬಯಲು ಶೌಚ ಮುಕ್ತ ಎಂದು ಘೋಷಣೆಯಾಯಿತು. 12 ಸಾವಿರ ರೂಪಾಯಿ ಪ್ರೋತ್ಸಾಹಧನದಲ್ಲಿ ಕಟ್ಟಿದ ಎಷ್ಟೋ ಶೌಚಾಲಯದಲ್ಲಿ ಕುಳ್ಳು ಕಟ್ಟಿಗೆ ತುಂಬಿತ್ತು. ಜನಕ್ಕೆ ಬುದ್ಧಿ ಇಲ್ಲ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆರೆಯಿಂದ ಹೊತ್ತು ತಂದ ನೀರನ್ನು ಯಾರು ಶೌಚಾಲಯಕ್ಕೆ ಸುರಿಯುತ್ತಾರೆ? ನಳದ ನೀರು ಸರಿಯಾದ ಮೇಲೆ ಕಟ್ಟಿಗೆ ತಾನಾಗಿ ಹೊರಗೆ ಬಂತು. ಉಳಿದದ್ದು ಮಣ್ಣಿನ ತೊಂದರೆ. ಎರೆಮಣ್ಣು ನೀರು ಹೀರುವುದು ಬಹಳ ಕಡಿಮೆ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎಲ್ಲ ಕಡೆಯ ನಕ್ಷೆಯನ್ನು ಇಲ್ಲಿ ಹಾಗೇ ಹಾಕಿದರೆ ಗುಂಡಿ ತುಂಬಿ ಉಕ್ಕುತ್ತದೆ. ಗುಂಡಿ ಅಗಲ ಮಾಡಿ, ಸುತ್ತ ಒಂದಡಿ ದಪ್ಪ ಮರಳು-ಜಲ್ಲಿ ತುಂಬಿಸಬೇಕು. ಎರಡು ಗುಂಡಿ ಇರುವುದು ಒಂದು ತುಂಬಿದ ಮೇಲೆ ಇನ್ನೊಂದನ್ನು ಬಳಸಲು; ಹಾಗಾಗಿ ನಡುವಿನ ಚೇಂಬರಿನಲ್ಲಿ ಒಂದು ದಾರಿಯನ್ನು ಇಟ್ಟಿಗೆ ಇಟ್ಟು ಮುಚ್ಚಿರಬೇಕು. ಎರಡೂ ಬಾಯಿ ತೆರೆದಿದ್ದರೆ ಎರಡೂ ಒಟ್ಟಿಗೇ ತುಂಬುತ್ತವೆ, ಎರಡು ಗುಂಡಿ ತೋಡಿದ್ದೇ ದಂಡ. ನಮ್ಮಲ್ಲಿ ತೆರೆದು ನೋಡಿದ ಚೇಂಬರುಗಳಲ್ಲಿ ಹೆಚ್ಚಿನವು ಹಾಗೇ ಇದ್ದವು.

ದುಡ್ಡಿನ ಮಾತು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಮೆಂಬರುಗಳು ಸಿಸಿ ರಸ್ತೆ ಕೇಳಿದಾಗ ‘ನಾನು ಕೊಡಲ್ಲ’ ಎನ್ನುವುದಕ್ಕಿಂತ ‘ನಿಯಮ ಬಿಡಲ್ಲ’ ಎನ್ನುವುದು ಎಷ್ಟೋ ಸುಲಭ. ಮಿಷನ್ನಿನಲ್ಲಿ ಊರೊಳಗಿನ ಕಾಮಗಾರಿಗೆ ಜನರ ವಂತಿಗೆ ನೂರಕ್ಕೆ 10, ಪರಿಶಿಷ್ಟರೇ ಅರ್ಧಕ್ಕಿಂತ ಹೆಚ್ಚಿರುವ ಊರಿಗೆ 5. ಅದನ್ನು ದುಡ್ಡಿನ ಬದಲು ದುಡಿಮೆಯಲ್ಲೂ ಕೊಡಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕೂಲಿ ಮನೆಗಳವರು ಪೈಪಿನ ಕಾಲುವೆ ತೋಡಿ ತಮ್ಮ ಪಾಲು ತೀರಿಸಿದರು. ತಿಂಗಳ ನೀರಿನ ಕರ ವಸೂಲಿಯನ್ನು ಸಮಿತಿಯ ಹೆಂಗಸರಿಗೆ ಕೊಟ್ಟೆವು. ಬಕೆಟ್ ಹಿಡಿದು ಬಂದವರೇ ರಸೀದಿ ಪುಸ್ತಕ ಹಿಡಿದು ಬಂದಾಗ ಇಲ್ಲ ಎನ್ನುವುದು ಜನಕ್ಕೂ ಕಷ್ಟ. ಹಾಗಂತ ಎಲ್ಲರೂ ಕಟ್ಟಲಿಲ್ಲ. ಕಟ್ಟುವ ಶಕ್ತಿ ಇದ್ದವರೇ ಬಾಕಿ ಉಳಿಸಿಕೊಂಡವರಲ್ಲಿ ಜಾಸ್ತಿ.

2024ಕ್ಕೆ ಮುಗಿಯಬೇಕಿದ್ದ ಮಿಷನ್ ಅನ್ನು 2025ರ ಬಜೆಟ್ಟಿನಲ್ಲಿ 2028ರವರೆಗೆ ಮುಂದುವರಿಸಿದರು. ಇನ್ನು ನಿರ್ವಹಣೆಗೆ ಒತ್ತು ಎಂದೂ ಹೇಳಿದರು. ಅದು ಮೊದಲ ದಿನವೇ ಇರಬೇಕಿತ್ತು, ಇರಲಿ. ಈಗ ಜಿಲ್ಲೆಯಲ್ಲಿ ಮಲಪ್ರಭೆಯಿಂದ ನೇರವಾಗಿ ಪೈಪಿನಲ್ಲಿ ನೀರು ತರುವ ಬಹುಗ್ರಾಮ ಯೋಜನೆ ನಡೆಯುತ್ತಿದೆ. ಗ್ರಾಮ ಸಭೆಯಲ್ಲಿ ಕೆಲವರು ‘ಹಂಗಾದ್ರ ಕೆರಿ ಯಾಕ ಬೇಕ್ರಿ, ಮುಚ್ಚಿ ಬಜಾರ ಕಟ್ಟೂಣು’ ಎಂದರು. ನಾನು ಬೆಣ್ಣೆಹಳ್ಳದ ಮಾತೆತ್ತಿದೆ. ಮಳೆಗಾಲದಲ್ಲಿ ಅದು ಉಕ್ಕಿ ಬಂದರೆ ರಸ್ತೆಯೇ ಉಳಿಯುವುದಿಲ್ಲ, ಪೈಪು ಉಳಿಯುತ್ತದೆಯೇ? ದೂರದ ಪೈಪು ಒಡೆದ ದಿನ ಊರಿಗೆ ಕೆರೆಯೇ ಗತಿ. ಚರ್ಚೆ ಜೋರಾಯಿತು, ಕೊನೆಗೆ ಠರಾವು ಆಯಿತು. ಬಹುಗ್ರಾಮ ನೀರು ಬಂದ ಮೇಲೂ ಕಾಲುವೆ ಬಂದಾಗಲೆಲ್ಲ ಕೆರೆ ತುಂಬಿಸಬೇಕು. ಶೋಧಕವನ್ನು ಒಂದು ದಿನವೂ ಒಣಗಲು ಬಿಡಬಾರದು, ಸಣ್ಣಗೆ ನೀರು ಹರಿಯುತ್ತಲೇ ಇರಬೇಕು. ಮರಳು ಒಣಗಿದರೆ ಆ ಪದರ ಮತ್ತೆ ಕಟ್ಟಲು ವಾರಗಟ್ಟಲೆ ಬೇಕು. ಪೈಪು ಒಡೆದ ಊರಿಗೆ ಅಷ್ಟು ದಿನ ಕಾಯಲು ಆಗುವುದಿಲ್ಲ.